ನಿವೃತ್ತರಾಗುವವರ ಅನುಭವವನ್ನೆಲ್ಲ ಬರೆಸಿಟ್ಟುಕೊಂಡರೆ ಸಾಕಾ?

ನಿಮ್ಮ ಫ್ಯಾಕ್ಟರಿಯ ಹಿರಿಯ ಮೇಸ್ತ್ರಿ ಇನ್ನು ಆರು ತಿಂಗಳಲ್ಲಿ ನಿವೃತ್ತರಾಗುತ್ತಾರೆ, ಅವರಿಗೆ ಗೊತ್ತಿರುವುದನ್ನೆಲ್ಲ ಬರೆಸಿ, ವಿಡಿಯೊ ಮಾಡಿ ಇಟ್ಟುಕೊಂಡರೆ ಸಾಕಾ ಎಂದು ಕೇಳಿದ್ದೀರಿ.

ಸಾಕಾಗುವುದಿಲ್ಲ. ಬರೆಸಲೇಬೇಡಿ ಅಂತಲ್ಲ. ಆದರೆ ಆರು ತಿಂಗಳೂ ಬರೆಸುವುದರಲ್ಲೇ ಕಳೆದರೆ ಮುಖ್ಯವಾದದ್ದು ಅವರ ಜೊತೆಗೇ ಗೇಟು ದಾಟುತ್ತದೆ.

ನಾನು ಬೆಳಗಾವಿಯ ಒಂದು ಫೌಂಡ್ರಿಯಲ್ಲಿ, ಅಂದರೆ ಕರಗಿಸಿದ ಲೋಹವನ್ನು ಮರಳಿನ ಅಚ್ಚಿಗೆ ಎರೆಯುವ ಕಾರ್ಖಾನೆಯಲ್ಲಿ, ಕ್ವಾಲಿಟಿ ನೋಡಿಕೊಳ್ಳುತ್ತೇನೆ. ಅಚ್ಚಿನ ಮರಳಿನ ಪರೀಕ್ಷೆಗೆ ಲ್ಯಾಬ್ ಇದೆ. ತೇವ ಶೇ. 3ರಿಂದ 4ರ ಆಸುಪಾಸು ಇರಬೇಕು, ಗಟ್ಟಿತನ ಇಷ್ಟಿರಬೇಕು, ಎಲ್ಲಕ್ಕೂ ನಂಬರ್ ಇದೆ. ಆದರೂ ಅಚ್ಚು ಕಟ್ಟುವ ನಮ್ಮ ಹಳೆಯ ಮೌಲ್ಡರ್ ಒಂದು ಹಿಡಿ ಮರಳು ತೆಗೆದು ಹಿಂಡುತ್ತಾರೆ. ಮುಷ್ಟಿ ಬಿಚ್ಚಿ ಬೆರಳಿನ ಗುರುತು ನೋಡುತ್ತಾರೆ. ಆಮೇಲೆ ಉಂಡೆಯನ್ನು ಎರಡಾಗಿ ಮುರಿಯುತ್ತಾರೆ. ಅಂಚು ಚೂಪಾಗಿ ನಿಂತರೆ ಸರಿ. ಉದುರಿದರೆ ಒಣಗಿದೆ, ಅಂಗೈಗೆ ಮೆತ್ತಿದರೆ ನೀರು ಜಾಸ್ತಿ.

ಇಷ್ಟನ್ನು ಬರೆಯಬಹುದು. ಈಗ ನಾನೇ ಬರೆದೆನಲ್ಲ! ಆದರೆ ಒಂದು ಬೇಸಿಗೆ ಮಧ್ಯಾಹ್ನ ಲ್ಯಾಬ್ ರಿಪೋರ್ಟ್ ಸರಿ ಇದ್ದರೂ ಅವರು ಮರಳು ಹಿಡಿದು "ಇದು ನಿಲ್ಲಂಗಿಲ್ಲ ಬಿಡ್ರಿ" ಅಂದರು. ಯಾಕೆ ಅಂದರೆ ಹೇಳಲು ಬರಲಿಲ್ಲ. ಹುಡುಕಿ ನೋಡಿದರೆ, ಹಿಂದಿನ ಎರಕದಿಂದ ವಾಪಸ್ ಬಂದ ಮರಳು ಪೂರ್ತಿ ತಣ್ಣಗಾಗಿರಲಿಲ್ಲ. ಮಿಕ್ಸರಿನ ಹತ್ತಿರ ತೇವ ಸರಿಯಾಗೇ ಇರುತ್ತದೆ, ಅಚ್ಚಿನ ಮೆಷಿನ್ ತಲುಪುವಷ್ಟರಲ್ಲಿ ಆ ಬಿಸಿಗೆ ನೀರು ಆವಿಯಾಗಿರುತ್ತದೆ. ಬಿಸಿ, ತೇವ, ಅಂಟು ಮೂರೂ ಅವರ ಅಂಗೈಗೆ ಒಟ್ಟಿಗೇ ಗೊತ್ತಾಗಿತ್ತು.

ಹೇಳಲು ಬರುವುದಕ್ಕಿಂತ ಜಾಸ್ತಿ ನಮಗೆ ಗೊತ್ತಿರುತ್ತದೆ ಎಂಬುದನ್ನು ಮೈಕೆಲ್ ಪೊಲಾನಿ ಎಂಬ ತತ್ವಜ್ಞಾನಿ 1966ರಲ್ಲೇ ಬರೆದಿಟ್ಟಿದ್ದಾರೆ. ಮ್ಯಾನೇಜ್‌ಮೆಂಟಿನವರು ಟ್ಯಾಸಿಟ್ ನಾಲೆಡ್ಜ್ ಅನ್ನುವುದು ಇದಕ್ಕೇ. ಇದು ಕೈಕೆಲಸದವರಿಗೆ ಮಾತ್ರ ಅಂದುಕೊಳ್ಳಬೇಡಿ. ಹ್ಯಾರಿ ಕಾಲಿನ್ಸ್ ಎಂಬ ಸಮಾಜಶಾಸ್ತ್ರಜ್ಞ 1970ರ ದಶಕದಲ್ಲಿ ಟಿಇಎ ಲೇಸರ್ (ಒಂದು ಬಗೆಯ ಗ್ಯಾಸ್ ಲೇಸರ್) ಕಟ್ಟಲು ಹೊರಟಿದ್ದ ಬ್ರಿಟನ್ನಿನ ಲ್ಯಾಬ್‌ಗಳನ್ನು ನೋಡಿದರು. ಬರೀ ಪ್ರಕಟವಾದ ಲೇಖನ ಓದಿ ಕಟ್ಟಿದ ಒಬ್ಬರೂ ಅವರಿಗೆ ಸಿಗಲಿಲ್ಲ. ಗೆದ್ದವರೆಲ್ಲ ಲೇಸರ್ ಓಡಿಸುತ್ತಿದ್ದವರ ಜೊತೆ ಒಡನಾಟ ಇದ್ದವರು. ಓದಿದವರು ದಡ್ಡರೇನಲ್ಲ, ಎಲ್ಲರೂ ವಿಜ್ಞಾನಿಗಳೇ.

ಇದಕ್ಕಿಂತ ಕಷ್ಟದ್ದು ಫಾಗ್‌ಬ್ಯಾಂಕ್ ಕಥೆ. ಅಮೆರಿಕದ ಡಬ್ಲ್ಯು76 ಅಣ್ವಸ್ತ್ರದಲ್ಲಿ ಬಳಸುವ ರಹಸ್ಯ ವಸ್ತು ಅದು. 1989ರವರೆಗೆ ತಯಾರಿಸಿ ನಿಲ್ಲಿಸಿದರು. 2000ದ ನಂತರ ಮತ್ತೆ ಬೇಕಾಯಿತು. ದಾಖಲೆ ಕಡಿಮೆ, ಗೊತ್ತಿದ್ದವರು ಬಹುತೇಕ ಎಲ್ಲ ಹೋಗಿಯಾಗಿತ್ತು. ಹೊಸ ಘಟಕ ಕಟ್ಟಿ, ಇದ್ದ ದಾಖಲೆ ನೋಡಿ ಮಾಡಿದರೂ ಹಳೆಯ ಗುಣ ಬರಲಿಲ್ಲ. ಈ ತೊಂದರೆ ಸರಿಮಾಡಲು ಸುಮಾರು 6.9 ಕೋಟಿ ಡಾಲರ್ ಖರ್ಚಾಯಿತು. ಕೊನೆಗೆ ಸಿಕ್ಕ ಕಾರಣ ಏನು ಗೊತ್ತಾ? ಹಿಂದಿನ ಕಚ್ಚಾ ವಸ್ತುವಿನಲ್ಲಿ ಒಂದು ಕಲ್ಮಶ ಇತ್ತು, ಅದು ಇದ್ದದ್ದರಿಂದಲೇ ಹಳೆಯ ಮಾಲು ಸರಿ ಬರುತ್ತಿತ್ತು. ಹೊಸ ವಿಧಾನದಲ್ಲಿ ಅದನ್ನು ಚೆನ್ನಾಗಿ ತೊಳೆದು ತೆಗೆದುಬಿಟ್ಟಿದ್ದರು. ಹಳೆಯ ಕೆಲಸಗಾರರಿಗೂ ಇದು ಗೊತ್ತಿರಲಿಲ್ಲ. ಅವರನ್ನು ಕೂರಿಸಿ ಸಂದರ್ಶನ ಮಾಡಿದ್ದರೂ ಈ ಮಾತು ಬರುತ್ತಿರಲಿಲ್ಲ, ಅಲ್ವಾ?

ಹಾಗಾಗಿ ನಿಮಗೆ ನನ್ನ ಮೊದಲ ಮಾತು: ಮೇಸ್ತ್ರಿ ಹೋಗುವ ವರ್ಷವೇ ಮೆಷಿನ್ನು, ಕಚ್ಚಾ ಮಾಲು, ಸಪ್ಲೈಯರ್ ಬದಲಾಯಿಸಬೇಡಿ. ಏನೋ ಕೆಟ್ಟರೆ ಯಾವುದರಿಂದ ಕೆಟ್ಟಿತು ಅಂತ ತಿಳಿಯುವುದೇ ಇಲ್ಲ.

ಬರೆಸುವುದಾದರೆ ಕೆಲಸದ ವಿಧಾನ ಬರೆಸಬೇಡಿ, ಅದು ಹೇಗೂ ಕಂಪನಿಯ ಎಸ್‌ಒಪಿಯಲ್ಲಿ (ಕೆಲಸ ಮಾಡುವ ಕ್ರಮದ ಲಿಖಿತ ಸೂಚನೆ) ಇರುತ್ತದೆ. ಕೆಟ್ಟುಹೋದ ಕೆಲಸಗಳ ಕಥೆ ಕೇಳಿ. ಜೆರಾಕ್ಸ್ ಕಂಪನಿಯ ರಿಪೇರಿ ಟೆಕ್ನಿಷಿಯನ್ನರು ಮ್ಯಾನುಯಲ್‌ಗಿಂತ ತಮ್ಮತಮ್ಮಲ್ಲಿ ಹೇಳಿಕೊಳ್ಳುವ ಇಂಥ ಕಥೆಗಳಿಂದಲೇ ಜಾಸ್ತಿ ಕಲಿಯುತ್ತಾರೆ ಎಂದು ಜೂಲಿಯನ್ ಆರ್ ಎಂಬ ಮಾನವಶಾಸ್ತ್ರಜ್ಞ ತೋರಿಸಿದರು. ಆಮೇಲೆ ಕಂಪನಿ ಯುರೇಕಾ ಅನ್ನುವ ವ್ಯವಸ್ಥೆ ಮಾಡಿ, ಟೆಕ್ನಿಷಿಯನ್ನರ ಉಪಾಯಗಳನ್ನು ಅವರ ಹೆಸರಿನ ಜೊತೆಗೇ ದಾಖಲಿಸಿತು. ಹೆಸರು ಮುಖ್ಯ. ಹೇಳಿಕೊಟ್ಟರೆ ತನ್ನ ಬೆಲೆ ಹೋಗುತ್ತದೆ ಅನ್ನುವ ಭಯ ಹಿರಿಯರಿಗೆ ಇದ್ದೇ ಇರುತ್ತದೆ, ಅದು ಸುಮ್ನೆ ಭಯವೂ ಅಲ್ಲ.

ಉಳಿದದ್ದಕ್ಕೆ ಜೊತೆಗಿರುವುದೊಂದೇ ದಾರಿ. ಇಬ್ಬರು ಹುಡುಗರನ್ನು ಈಗಲೇ ಅವರ ಜೊತೆ ಹಾಕಿ. ಮೊದಲ ಮೂರು ತಿಂಗಳು ಮೇಸ್ತ್ರಿ ಮಾಡಲಿ, ಹುಡುಗರು ನೋಡಲಿ. ಆಮೇಲೆ ಹುಡುಗರೇ ತೀರ್ಮಾನ ಮಾಡಲಿ, ಮೇಸ್ತ್ರಿ ಹಿಂದೆ ನಿಂತಿರಲಿ. ಹುಡುಗರ ಮಾತು, ಮೇಸ್ತ್ರಿ ಮಾತು ಬೇರೆಯಾದ ದಿನ ಅದನ್ನು ಬರೆದಿಡಿ, ಆ ನೋಟ್‌ಬುಕ್ ನಿಮ್ಮ ವಿಡಿಯೊಗಳಿಗಿಂತ ಉಪಯೋಗಕ್ಕೆ ಬರುತ್ತದೆ. ನಿವೃತ್ತಿಯಾದ ಮೇಲೂ ತಿಂಗಳಿಗೆ ಎರಡು ದಿನ ಕರೆಸಿ. ಅದಕ್ಕೆ ದುಡ್ಡು ಕೊಡಿ, ಬರೀ ಚಹಾ ಕುಡಿಸಿ ಕಳಿಸಬೇಡಿ.