ಡಿಗ್ರಿ, ರಿಜಿಸ್ಟ್ರೇಷನ್ ಬರುವ ಮೊದಲೇ ನರ್ಸಿಂಗ್ ಕೆಲಸಕ್ಕೆ ಅರ್ಜಿ ಹಾಕಬಹುದಾ?

ಬಿಎಸ್‌ಸಿ ನರ್ಸಿಂಗ್ 8ನೇ ಸೆಮಿಸ್ಟರ್, ನರ್ಸಿಂಗ್ ಕೌನ್ಸಿಲ್ ರಿಜಿಸ್ಟ್ರೇಷನ್ ಇನ್ನೂ ದೂರ, ಆದರೂ ಅರ್ಜಿ ಹಾಕಲಾ ಅಂತ ಕೇಳಿದ್ದೀರಿ. ಕೊನೆಯ ವರ್ಷದಲ್ಲಿ ನಾವೆಲ್ಲ ತಲೆ ಕೆಡಿಸಿಕೊಂಡದ್ದೂ ಇದಕ್ಕೇ. ಖಾಸಗಿ ಆಸ್ಪತ್ರೆಗಾದರೆ ಈಗಲೇ ಹಾಕಿ, ಸರ್ಕಾರಿ ಹುದ್ದೆಗಾದರೆ ತಡೆಯಿರಿ. ‘ರಿಜಿಸ್ಟ್ರೇಷನ್ ಬರೀ ಫಾರ್ಮಾಲಿಟಿ, ಆಮೇಲೆ ಕೊಟ್ಟರಾಯ್ತು’ ಅಂದಿದ್ದೀರಲ್ಲ, ಅದನ್ನು ಮಾತ್ರ ನಾನು ಒಪ್ಪುವುದಿಲ್ಲ.

ಹುಡುಗರು ಎಡವುವುದೇ ಅಲ್ಲಿ. ಏಮ್ಸ್ ನಡೆಸುವ ನಾರ್ಸೆಟ್, ಅಂದರೆ ನರ್ಸಿಂಗ್ ಆಫೀಸರ್ ನೇಮಕಾತಿಯ ಪರೀಕ್ಷೆ ತಗೊಳ್ಳಿ. ಬಿಎಸ್‌ಸಿ ಪಾಸಾಗಿರಬೇಕು, ನರ್ಸ್ ಮತ್ತು ಮಿಡ್‌ವೈಫ್ ಅಂತ ಕೌನ್ಸಿಲ್‌ನಲ್ಲಿ ನೋಂದಣಿಯೂ ಆಗಿರಬೇಕು. ಇವೆರಡನ್ನೂ ನೋಡುವುದು ಅರ್ಜಿಯ ಕೊನೆಯ ದಿನಕ್ಕೆ. ಪರೀಕ್ಷೆಯ ದಿನಕ್ಕಲ್ಲ, ಫಲಿತಾಂಶದ ದಿನಕ್ಕಲ್ಲ, ದಾಖಲೆ ಪರಿಶೀಲನೆಯ ದಿನಕ್ಕಂತೂ ಅಲ್ಲವೇ ಅಲ್ಲ. ಅರ್ಜಿಗೆ 10ನೇ ತಾರೀಖು ಕೊನೆ, ನಿಮ್ಮ ಸರ್ಟಿಫಿಕೇಟ್ ಮೇಲೆ 11 ಅಂತಿದೆ ಅಂದುಕೊಳ್ಳಿ: ಪ್ರಿಲಿಮ್ಸ್, ಮೇನ್ಸ್ ದಾಟಿ ರ‍್ಯಾಂಕ್ ಬಂದಿದ್ದರೂ ಪರಿಶೀಲನೆಯಲ್ಲಿ ಹೆಸರು ಹಾರಿಹೋಗುತ್ತದೆ. ಫಾರ್ಮ್ ತುಂಬುವಾಗ ಯಾರೂ ಕೈ ಹಿಡಿದು ನಿಲ್ಲಿಸುವುದಿಲ್ಲ. ನೋಂದಣಿ ಸಂಖ್ಯೆ ಕೇಳಿದ ಜಾಗದಲ್ಲಿ ಕೌನ್ಸಿಲ್‌ಗೆ ಹಾಕಿದ ಅರ್ಜಿಯ ಸ್ವೀಕೃತಿ ಸಂಖ್ಯೆ ಹಾಕಿ ಕಳಿಸುವವರೂ ಇದ್ದಾರೆ. ಅದು ಸುಳ್ಳು ಮಾಹಿತಿ ಅಂತಲೇ ಲೆಕ್ಕ. ಆದ್ದರಿಂದ ಅಧಿಸೂಚನೆ ತೆರೆದ ಕೂಡಲೇ ಸಂಬಳ ನೋಡಬೇಡಿ, ‘ಅರ್ಹತೆಗೆ ನಿರ್ಣಾಯಕ ದಿನಾಂಕ’ ಎಲ್ಲಿದೆ ಹುಡುಕಿ.

ಈ ದಿನಾಂಕ ಕೈಮೀರುವುದು ಕೌನ್ಸಿಲ್‌ನಿಂದಲೇ ಅಂತೇನಿಲ್ಲ, ಬಹಳ ಸಲ ಹೆಸರಿನಿಂದ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಸವಿತಾ ಎಚ್. ಎಂ.’, ಆಧಾರ್‌ನಲ್ಲಿ ‘ಸವಿತಾ ಮಂಜುನಾಥ್’ ಅಂತಿದ್ದರೆ ನೋಂದಣಿಯ ಕಡತ ವಾಪಸ್ ಬರಬಹುದು. ಎಸ್ಸೆಸ್ಸೆಲ್ಸಿಯಲ್ಲಿ ಇದ್ದ ಹಾಗೆಯೇ ಆಧಾರ್ ತಿದ್ದಿಸುವ ಕೆಲಸಕ್ಕೆ ಪರೀಕ್ಷೆ ಮುಗಿಯಬೇಕಿಲ್ಲ, ಈ ವಾರವೇ ಹೋಗಿ. ಫಲಿತಾಂಶ ಬಂದ ದಿನವೇ ಕಾಲೇಜ್ ಆಫೀಸಿನಲ್ಲಿ ಪ್ರಾವಿಷನಲ್ (ತಾತ್ಕಾಲಿಕ ಪದವಿ) ಸರ್ಟಿಫಿಕೇಟ್, ಕೋರ್ಸ್ ಮುಗಿಸಿದ ಪ್ರಮಾಣಪತ್ರ ಕೇಳಿ. ಘಟಿಕೋತ್ಸವಕ್ಕೆ ಕಾಯುತ್ತಾ ಕೂರಬೇಡಿ. ಒಂದೇ ಒಂದು ಪೇಪರ್ ಬ್ಯಾಕ್ ಉಳಿದರೂ ಇಷ್ಟೂ ನಿಂತುಹೋಗುತ್ತದೆ.

ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮಾಡಿದ ಗೆಳತಿಯರಿಗೂ ಹೇಳಿ. ನಾರ್ಸೆಟ್‌ಗೆ ಅವರಿಗೆ ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ 2 ವರ್ಷದ ಅನುಭವ ಬೇಕು, ಅದೂ ಅರ್ಹತೆ ಪಡೆದ ನಂತರದ್ದು. ಓದುತ್ತಿರುವಾಗಲೇ ನರ್ಸಿಂಗ್ ಹೋಂನಲ್ಲಿ ರಾತ್ರಿಪಾಳಿ ಮಾಡಿದ್ದು ಅದಕ್ಕೆ ಸೇರುವುದಿಲ್ಲ.

ಇನ್ನು ಖಾಸಗಿ. ದೊಡ್ಡ ಆಸ್ಪತ್ರೆಗಳು ಕೊನೆಯ ಸೆಮಿಸ್ಟರ್‌ನಲ್ಲೇ ಕ್ಯಾಂಪಸ್‌ಗೆ ಬರುತ್ತವೆ, ಟ್ರೈನಿ ಅಂತ ತಗೊಳ್ಳುತ್ತವೆ. ರೆಸ್ಯೂಮೆಯಲ್ಲಿ ‘8ನೇ ಸೆಮಿಸ್ಟರ್, ನೋಂದಣಿ ಆಗಬೇಕಿದೆ’ ಅಂತ ಇದ್ದದ್ದು ಇದ್ದ ಹಾಗೆ ಬರೆಯಿರಿ. ನೋಂದಣಿಯಾದ ಮೇಲೆ ಹುದ್ದೆಯ ಹೆಸರು, ಸಂಬಳ ಯಾವ ತಿಂಗಳಿಂದ ಬದಲಾಗುತ್ತದೆ ಅನ್ನುವುದನ್ನು ಆಫರ್ ಲೆಟರ್‌ನಲ್ಲೇ ಹಾಕಿಸಿಕೊಳ್ಳಿ. ಬಾಯಿಮಾತಿನ ಭರವಸೆ ಎಚ್‌ಆರ್ ಬದಲಾದ ದಿನ ಮುಗಿಯಿತು.

ಇಂಟರ್‌ವ್ಯೂನಲ್ಲಿ ಥಿಯರಿಗಿಂತ ಲೆಕ್ಕದಲ್ಲೇ ಬೀಳುವವರು ಜಾಸ್ತಿ. 500 ಎಂಎಲ್ ಡ್ರಿಪ್, 8 ಗಂಟೆ, ಎಂಎಲ್‌ಗೆ 20 ಹನಿಯ ಸೆಟ್: 8 ಗಂಟೆ ಅಂದರೆ 480 ನಿಮಿಷ, 500×20÷480, ನಿಮಿಷಕ್ಕೆ ಸುಮಾರು 21 ಹನಿ. ಮೈಕ್ರೋ ಸೆಟ್ ಆದರೆ ಎಂಎಲ್‌ಗೆ 60 ಹನಿ. ದೊಡ್ಡವರ ಸಿಪಿಆರ್ ಕೇಳಿದರೆ ಎದೆ 30 ಸಲ ಒತ್ತಿ 2 ಉಸಿರು, ಒತ್ತುವುದು ನಿಮಿಷಕ್ಕೆ 100ರಿಂದ 120 ಸಲ, ಆಳ 5ರಿಂದ 6 ಸೆಂ.ಮೀ. ಪೊಟ್ಯಾಸಿಯಂ ಕ್ಲೋರೈಡ್ ಅನ್ನು ಡೈಲ್ಯೂಟ್ ಮಾಡದೆ ಐವಿ ಪುಷ್ (ಸಿರಿಂಜಿನಿಂದ ನೇರ ರಕ್ತನಾಳಕ್ಕೆ) ಕೊಡುತ್ತೇನೆ ಅಂದರೆ ಅಲ್ಲಿಗೆ ಆಟ ಮುಗಿಯಿತು, ಹೃದಯವೇ ನಿಲ್ಲಬಹುದಾದ ಔಷಧ ಅದು.

ಬಾಂಡ್ ಬಂದರೆ ಪೂರ್ತಿ ಓದಿ, ಎಷ್ಟು ವರ್ಷ, ಬಿಟ್ಟರೆ ಎಷ್ಟು ಕಟ್ಟಬೇಕು ನೋಡಿ. ಮೂಲ ಅಂಕಪಟ್ಟಿ, ಸರ್ಟಿಫಿಕೇಟ್ ತೋರಿಸಿ ವಾಪಸ್ ತಗೊಳ್ಳಿ, ಒತ್ತೆ ಇಡಬೇಡಿ. ಮುಂದೆ ಬೇರೆ ರಾಜ್ಯದ ಕೌನ್ಸಿಲ್‌ಗೆ ನೋಂದಣಿ ಬದಲಿಸಿಕೊಳ್ಳಲು, ಗಲ್ಫ್‌ಗೆ ದಾಖಲೆ ಪರಿಶೀಲನೆಗೆ ಕಳಿಸಲು ಅವೇ ಬೇಕಾಗುತ್ತವೆ.