ಕ್ಯಾಥೊಲಿಕ್ ಸಂಶೋಧನಾ ವಿಶ್ವವಿದ್ಯಾಲಯದಲ್ಲಿ ಧರ್ಮ ವಿಜ್ಞಾನಕ್ಕೆ ಅಡ್ಡ ಬರುತ್ತದೆಯೇ?

ದಾವಣಗೆರೆಯಲ್ಲಿ ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿರುವ ನಿಮ್ಮ ಮಗಳು ಅಮೆರಿಕದ ಕ್ಯಾಥೊಲಿಕ್ ಸಂಸ್ಥೆಯಾದ ನೋಟರ್ ಡೇಮ್ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಬೇಕೆಂದಿದ್ದಾಳೆ, ಅಲ್ಲಿ ಏನು ಸಿಗುತ್ತದೆ, ಧರ್ಮ ವಿಜ್ಞಾನಕ್ಕೆ ಅಡ್ಡ ಬರುವುದಿಲ್ಲವೇ ಎಂದು ಕೇಳಿದ್ದೀರಿ. ಇದೇ ಊರಿನ ಪದವಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ನನಗೆ ಪೋಷಕರಿಂದ ಈ ಪ್ರಶ್ನೆ ಆಗಾಗ ಎದುರಾಗುತ್ತದೆ. ಅಡ್ಡ ಬರುವುದಿಲ್ಲ ಎಂಬುದೇ ನನ್ನ ಖಚಿತ ಉತ್ತರ.

ನನ್ನ ವಿಷಯದಿಂದಲೇ ಉದಾಹರಣೆ ಕೊಡುತ್ತೇನೆ. 1842ರಲ್ಲಿ ಹೋಲಿ ಕ್ರಾಸ್ ಎಂಬ ಕ್ಯಾಥೊಲಿಕ್ ಧಾರ್ಮಿಕ ಸಭೆಯ ಪಾದ್ರಿ ಎಡ್ವರ್ಡ್ ಸೊರಿನ್ ಇಂಡಿಯಾನಾದಲ್ಲಿ ಸ್ಥಾಪಿಸಿದ ಈ ಸಂಸ್ಥೆಯಲ್ಲಿ, ಅದೇ ಸಭೆಯ ಪಾದ್ರಿ ಜೂಲಿಯಸ್ ನ್ಯೂಲ್ಯಾಂಡ್ ಅಸಿಟಿಲೀನ್ ಅನಿಲದ ಅಣುಗಳನ್ನು ತಾಮ್ರದ ಲವಣದ ನೆರವಿನಿಂದ ಒಂದಕ್ಕೊಂದು ಜೋಡಿಸುವ ಕ್ರಿಯೆಯನ್ನು ವರ್ಷಗಟ್ಟಲೆ ಅಭ್ಯಸಿಸಿದರು. ಡ್ಯುಪಾಂಟ್ ಕಂಪನಿಯ ರಸಾಯನಶಾಸ್ತ್ರಜ್ಞರು ಅದನ್ನೇ ಮುಂದುವರಿಸಿ, ಎಣ್ಣೆ ತಾಗಿದರೂ ಬೇಗ ಕೆಡದ ನಿಯೋಪ್ರೀನ್ ಎಂಬ ಕೃತಕ ರಬ್ಬರನ್ನು 1930ರ ದಶಕದ ಆರಂಭದಲ್ಲಿ ಮಾರುಕಟ್ಟೆಗೆ ತಂದರು. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲಿ ಗಣಿತದಿಂದ ತೋರಿಸಿದ, ಬೆಲ್ಜಿಯಂನ ಲೂವೆನ್ ಕ್ಯಾಥೊಲಿಕ್ ವಿಶ್ವವಿದ್ಯಾಲಯದ ಜಾರ್ಜ್ ಲೆಮೈತ್ರ ಕೂಡ ಪಾದ್ರಿಯೇ.

ಹಾಗೆಂದು ಧರ್ಮದ ಸುಳಿವೇ ಇರುವುದಿಲ್ಲ ಎಂದು ಭಾವಿಸಬೇಡಿ. ಪದವಿ ವಿದ್ಯಾರ್ಥಿಗಳು ಯಾವ ಮತದವರಾದರೂ ಥಿಯಾಲಜಿಯ (ದೇವರು, ಧರ್ಮಶ್ರದ್ಧೆಗಳ ಅಧ್ಯಯನ) ಎರಡು ಕೋರ್ಸುಗಳನ್ನೂ ಜೊತೆಗೆ ತತ್ತ್ವಶಾಸ್ತ್ರವನ್ನೂ ಓದಲೇಬೇಕು. ಮೂಲಗ್ರಂಥ ಓದಿ, ಚರ್ಚಿಸಿ, ಪ್ರಬಂಧ ಬರೆಯುವ ಪಾಠಗಳಿವು. ಇದನ್ನು ನಾನು ದೊಡ್ಡ ಲಾಭವೆಂದೇ ಎಣಿಸುತ್ತೇನೆ, ಏಕೆಂದರೆ ನಮ್ಮಲ್ಲಿ ವಿಜ್ಞಾನ ತೆಗೆದುಕೊಂಡ ಮಕ್ಕಳು ಸಿಇಟಿ, ನೀಟ್‌ಗಳ ಬಹುಆಯ್ಕೆ ಪ್ರಶ್ನೆಗಳಲ್ಲೇ ಮುಳುಗಿ, ಸ್ವಂತ ವಿಚಾರವನ್ನು ನಾಲ್ಕು ಪುಟ ಬರೆಯುವ ರೂಢಿಯನ್ನೇ ಕಳೆದುಕೊಂಡು ಪದವಿಗೆ ಬರುತ್ತಾರೆ. ವಸತಿನಿಲಯಗಳು ಹೆಣ್ಣುಮಕ್ಕಳಿಗೆ ಪ್ರತ್ಯೇಕವಾಗಿವೆ. ಅವುಗಳಲ್ಲಿ ಪ್ರಾರ್ಥನಾ ಮಂದಿರವಿದ್ದರೂ ಪೂಜೆಗೆ ಹೋಗುವುದು ಅವರವರ ಇಚ್ಛೆ. ಸಿರಿಗೆರೆ ಮಠದ ಹಾಸ್ಟೆಲುಗಳನ್ನು ಕಂಡ ನಮ್ಮ ಕಡೆಯವರಿಗೆ ಇದೇನೂ ಅಪರಿಚಿತವೆನಿಸದು.

ಖರ್ಚಿನ ವಿಷಯದಲ್ಲಿ, ಪೂರ್ಣ ಶುಲ್ಕ ಮಧ್ಯಮ ವರ್ಗಕ್ಕೆ ಎಟಕುವಂಥದ್ದಲ್ಲ. ಆದರೆ ವಿದೇಶಿ ವಿದ್ಯಾರ್ಥಿಗಳ ಆಯ್ಕೆಯಲ್ಲಿಯೂ ಕುಟುಂಬದ ಹಣಬಲವನ್ನು ಪರಿಗಣಿಸುವುದಿಲ್ಲ, ಆರ್ಥಿಕ ನೆರವಿನಲ್ಲಿ ಸಾಲವನ್ನು ಸೇರಿಸುವುದಿಲ್ಲ ಎಂದು ವಿಶ್ವವಿದ್ಯಾಲಯವು 2024ರಲ್ಲಿ ಪ್ರಕಟಿಸಿದೆ. ಆದ್ದರಿಂದ ಆದಾಯದ ದಾಖಲೆಗಳನ್ನು ಈಗಲೇ ಹೊಂದಿಸಿಕೊಳ್ಳಿ. ಸೀಟಿಗೆ ಪೈಪೋಟಿ ಮಾತ್ರ ತೀವ್ರ. ಅಲ್ಲಿ ಆಗದಿದ್ದರೆ ಇಲ್ಲಿಯೋ, 2022ರಲ್ಲಿ ವಿಶ್ವವಿದ್ಯಾಲಯವಾದ ಬೆಂಗಳೂರಿನ ಸೇಂಟ್ ಜೋಸೆಫ್ಸ್‌ನಲ್ಲಿಯೋ ಬಿಎಸ್ಸಿ ಮುಗಿಸಿ ಪಿಎಚ್‌ಡಿಗೆ ಪ್ರಯತ್ನಿಸಬಹುದು. ವಿಜ್ಞಾನದ ಪಿಎಚ್‌ಡಿಗೆ ಅಮೆರಿಕದಲ್ಲಿ ಸಾಮಾನ್ಯವಾಗಿ ಶುಲ್ಕ ಮನ್ನಾ ಆಗಿ, ಮಾಸಿಕ ವೇತನವೂ ಸಿಗುತ್ತದೆ. ಆಗ ಯಾವ ಪ್ರಾಧ್ಯಾಪಕರ ಪ್ರಯೋಗಾಲಯದಲ್ಲಿ, ಏಕೆ ಕೆಲಸ ಮಾಡಬೇಕೆಂಬುದನ್ನು ಅವರ ಲೇಖನಗಳನ್ನು ಓದಿಯೇ ಅರ್ಜಿಯಲ್ಲಿ ಬರೆಯಬೇಕಾಗುತ್ತದೆ.