ನರಮೇಧದ ಪಾಠಕ್ಕೆ ಸರ್ಕಾರ ಬೇರೆ ದುಡ್ಡು ಕೊಡಬೇಕಾ?

ಹಿಟ್ಲರನ ನಾಜಿಗಳು ಯೆಹೂದಿಗಳನ್ನು ಕೊಂದ ಪಾಠ ಪುಸ್ತಕದಲ್ಲಿ ಇದೆಯಲ್ಲ, ಮತ್ತೆ ಖರ್ಚು ಯಾಕೆ ಅಂತ ಕೇಳಿದ್ದೀರಿ. ಖರ್ಚು ಪುಸ್ತಕಕ್ಕಲ್ಲ, ಪಾಠ ಮಾಡುವವರನ್ನು ತಯಾರು ಮಾಡೋಕೆ.

ಅಮೆರಿಕ 2020ರಲ್ಲಿ ಇದಕ್ಕೇ ಒಂದು ಕಾನೂನು ತಂದಿತು. ವಾಷಿಂಗ್ಟನ್ನಿನ ಹೊಲೊಕಾಸ್ಟ್ (ಈ ನರಮೇಧಕ್ಕೆ ಇರುವ ಹೆಸರು) ಮ್ಯೂಸಿಯಂಗೆ ವರ್ಷಕ್ಕೆ 20 ಲಕ್ಷ ಡಾಲರ್‌ನಂತೆ 5 ವರ್ಷ. ಶಿಕ್ಷಕರ ತರಬೇತಿ, ಪಾಠದ ಸಾಮಗ್ರಿ, ವೆಬ್‌ಸೈಟ್ ಎಲ್ಲ ಅದರಲ್ಲೇ. ಪಾಠ ಕಡ್ಡಾಯವೋ ಅಲ್ಲವೋ ಅನ್ನುವುದು ಮಾತ್ರ ಆಯಾ ರಾಜ್ಯಕ್ಕೆ ಬಿಟ್ಟದ್ದು. ಅವರ ಬಜೆಟ್‌ಗೆ ಇದು ಚಿಲ್ಲರೆ ಕಾಸು ಬಿಡಿ.

ನಮ್ಮಲ್ಲಿ ಎನ್‌ಸಿಇಆರ್‌ಟಿಯ 9ನೇ ತರಗತಿ ಇತಿಹಾಸದಲ್ಲಿ ನಾಜಿಗಳ ಮೇಲೆ ಇಡೀ ಒಂದು ಅಧ್ಯಾಯವೇ ಬಂದಿತ್ತು. ಮಂಡ್ಯದಲ್ಲಿ ಟ್ಯೂಷನ್ ಹೇಳುವಾಗ ಅದನ್ನು ಮಾಡಿದ್ದೇನೆ. ಸತ್ತ ಯೆಹೂದಿಗಳು ಸುಮಾರು 60 ಲಕ್ಷ ಅಂದರೆ ಮಕ್ಕಳು ಸುಮ್ನೆ ಬರೆದುಕೊಳ್ಳುತ್ತಾರೆ. 2011ರ ಜನಗಣತಿಯಲ್ಲಿ ಇಡೀ ಮೈಸೂರು ಜಿಲ್ಲೆಗೇ 30 ಲಕ್ಷ, ಅದರ ಎರಡರಷ್ಟು ಅಂದಾಗ ಪೆನ್ನು ನಿಂತವು. ಹಿಂದಿನ ಬೆಂಚಿಂದ ಒಬ್ಬ ಕೇಳಿದ: "ಸಾ, ಅಕ್ಕಪಕ್ಕದೋರು ಏನ್ ಮಾಡ್ತಿದ್ರು?"

ಗೈಡ್‌ನಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ನನಗೂ ಯಾರೂ ಹೇಳಿಕೊಟ್ಟಿರಲಿಲ್ಲ. ದುಡ್ಡು ಬೇಕಿರುವುದು ಇಲ್ಲೇ ಅಲ್ವಾ?